ಕಥೆ ಓದುವ ಅಣ್ಣ

ನಮ್ಮ ಕಡೆಯ ಕನ್ನಡ ಶಾಲೆಗಳಲ್ಲಿ ಓದಿದ ಯಾರನ್ನಾದರೂ ಕೇಳಿ ನೋಡಿ. ಪ್ರತಿ ಕ್ಲಾಸಿನಲ್ಲೂ ಅವನೊಬ್ಬ ಇದ್ದೇ ಇರುತ್ತಿದ್ದ. ಬೆಲ್ ಹೊಡೆಯುವವನು ಅವನೇ. ಮೇಷ್ಟ್ರಿಗೆ ಟೀ ತರುವವನೂ ಅವನೇ. ಬೆಂಚು ಎತ್ತಿಡಬೇಕಾ, ಆಗಸ್ಟ್ 15ಕ್ಕೆ ತೋರಣ ಕಟ್ಟಬೇಕಾ, ಪಕ್ಕದ ಕ್ಲಾಸಿನಿಂದ ಸೀಮೆಸುಣ್ಣ ತರಬೇಕಾ, ಎಲ್ಲದಕ್ಕೂ ಅವನ ಹೆಸರೇ ಮೊದಲು. "ಓದು ತಲೆಗೆ ಹತ್ತಲ್ಲ, ಕೆಲಸಕ್ಕೆ ಮಾತ್ರ ಬಲು ಚುರುಕು" ಅಂತ ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಿದ್ದರು. ಅವನು ಟೀ ತರಲು ಹೋದಾಗ ಒಳಗೆ ಪಾಠ ಮುಂದೆ ಹೋಗುತ್ತಿತ್ತು. ವಾಪಸ್ ಬಂದಾಗ ಯಾವ ಪುಟ ಅಂತ ಅವನಿಗೆ ಗೊತ್ತಾಗುತ್ತಿರಲಿಲ್ಲ. ಏಳನೇ ಕ್ಲಾಸು ಮುಗಿಯುವ ಹೊತ್ತಿಗೆ ಶಾಲೆ ಬಿಟ್ಟಿರುತ್ತಿದ್ದ.

ಅಂಥವರಲ್ಲಿ ಎಷ್ಟು ಜನಕ್ಕೆ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಇದ್ದೂ ಓದುವುದು ತೀರಾ ಕಷ್ಟವಾಗುವ ತೊಂದರೆ, ಇತ್ತೋ ಯಾರು ಬಲ್ಲರು. ಆಗ ಕೇಳುವವರೇ ಇರಲಿಲ್ಲ.

ನಾನು ಮೈಸೂರಿನ ಒಂದು ಶಾಲೆಯಲ್ಲಿ ರಿಸೋರ್ಸ್ ಟೀಚರ್. ಓದು, ಬರಹ, ಲೆಕ್ಕ, ಇವುಗಳಲ್ಲಿ ತೀರಾ ಕಷ್ಟಪಡುವ ಮಕ್ಕಳು ನನ್ನ ಕೋಣೆಗೆ ಬರುತ್ತಾರೆ. ಈಚೆಗೆ ಎಲ್ಲ ಕಡೆ ಸರ್ವೀಸ್ ಲರ್ನಿಂಗ್ ಅನ್ನುವ ಮಾತು ಓಡಾಡುತ್ತಿದೆ. ಸಮಾಜಕ್ಕೆ ನಿಜವಾಗಿ ಬೇಕಾದ ಒಂದು ಕೆಲಸ ಮಾಡುತ್ತಾ, ಅದರ ಮೂಲಕವೇ ಪಾಠ ಕಲಿಯುವುದು. "ನಿಮ್ಮ ಮಕ್ಕಳಿಗೆ ಇದು ಹೇಳಿ ಮಾಡಿಸಿದ ಹಾಗಿದೆ ಅಲ್ವಾ, ಮೇಡಂ? ಹೇಗೂ ಪುಸ್ತಕ ಅಂದರೆ ಆಗಲ್ಲ" ಅಂತ ಒಬ್ಬರು ನನಗೆ ಹೇಳಿದರು. ಆ ಮಾತು ಕೇಳಿದ ತಕ್ಷಣ ನನಗೆ ನೆನಪಾಗಿದ್ದು ಆ ಬೆಲ್ ಹೊಡೆಯುವ ಹುಡುಗ. ಓದಲು ಬಾರದ ಮಗುವಿಗೆ ಪೊರಕೆ ಕೊಟ್ಟು ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟರೆ ಏನು ಬದಲಾದ ಹಾಗಾಯಿತು?

ಹಾಗಂತ ಇದನ್ನು ಬಿಟ್ಟುಬಿಡಲೂ ನನಗೆ ಮನಸ್ಸಿಲ್ಲ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ದೇಶದ 1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದು ಏಳು ಬಗೆ. ಕಲಿಕಾ ತೊಂದರೆಗೆ ಅದರಲ್ಲಿ ಜಾಗವೇ ಇರಲಿಲ್ಲ. 2016ರ ಹೊಸ ಕಾಯ್ದೆ ಆ ಬಗೆಗಳನ್ನು 21ಕ್ಕೆ ಏರಿಸಿ, ಕಲಿಕಾ ತೊಂದರೆಯನ್ನೂ ಸೇರಿಸಿತು. ಡಿಸ್ಲೆಕ್ಸಿಯಾ, ಡಿಸ್‌ಗ್ರಾಫಿಯಾ (ಬರೆಯುವ ತೊಂದರೆ), ಡಿಸ್‌ಕ್ಯಾಲ್ಕುಲಿಯಾ (ಲೆಕ್ಕದ ತೊಂದರೆ) ಇರುವ ಮಕ್ಕಳಿಗೆ ಕಾನೂನಿನ ಬಲ ಸಿಕ್ಕಿದ್ದು ಆಗಲೇ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಮಗು ಹೇಳಿದ್ದನ್ನು ಬರೆಯಲು ಒಬ್ಬ ಸ್ಕ್ರೈಬ್, ಹೀಗೆ ಒಂದಷ್ಟು ಅನುಕೂಲಗಳಿವೆ. ಸಿಬಿಎಸ್‌ಇಯಲ್ಲಿ ಗಂಟೆಗೆ 20 ನಿಮಿಷ ಜಾಸ್ತಿ ಕೊಡುತ್ತಾರೆ. ಇವೆಲ್ಲ ಬೇಕೇ ಬೇಕು. ಸರ್ಟಿಫಿಕೇಟಿಗಾಗಿ ಅಲೆದ ಅಪ್ಪ ಅಮ್ಮಂದಿರಿಗೆ ಇದರ ಬೆಲೆ ಗೊತ್ತು.

ಆದರೆ ಈ ಪಟ್ಟಿಯನ್ನು ಮಗುವಿನ ಜಾಗದಲ್ಲಿ ಕೂತು ನೋಡಿ. ಎಲ್ಲವೂ ಬೇರೆಯವರು ಇವನಿಗೆ ಕೊಡುವಂಥವು. ರಿಸೋರ್ಸ್ ರೂಮಿನಲ್ಲಿ ನಾನು ಕೊಡುತ್ತೇನೆ. ಕ್ಲಾಸಿನಲ್ಲಿ ಪಕ್ಕದ ಹುಡುಗಿ ನೋಟ್ಸ್ ಕೊಡುತ್ತಾಳೆ. ಮನೆಯಲ್ಲಿ ಅಮ್ಮ ಓದಿ ಹೇಳುತ್ತಾರೆ. ಒಂದನೇ ಕ್ಲಾಸಿನಿಂದ ಹತ್ತರವರೆಗೆ ದಿನಾ ಯಾರಾದರೊಬ್ಬರ ಮುಂದೆ ಕೈಚಾಚಿ ನಿಲ್ಲಬೇಕು. ಹನ್ನೆರಡು ವರ್ಷದ ಹುಡುಗನಿಗೆ ಇದು ಎಷ್ಟು ಸುಸ್ತಿನ ವಿಷಯ ಅಂತ ನಾವು ಯೋಚಿಸುವುದು ಕಡಿಮೆ. "ನೀನು ಬಂದಿಲ್ಲ ಅಂದರೆ ನಮ್ಮ ಕೆಲಸ ನಿಲ್ಲುತ್ತೆ" ಅಂತ ಅವನಿಗೆ ಯಾರೂ ಹೇಳಿರುವುದಿಲ್ಲ. ಬೆಲ್ ಹೊಡೆಯುವ ಹುಡುಗ ಆ ಕೆಲಸವನ್ನು ಅಷ್ಟೊಂದು ಇಷ್ಟಪಟ್ಟು ಮಾಡುತ್ತಿದ್ದುದೂ ಇದಕ್ಕೇ ಇರಬೇಕು. ಅವನು ಹೊಡೆಯದೆ ಶಾಲೆ ಬಿಡುತ್ತಿರಲಿಲ್ಲ.

ನಾವು ಸರ್ವೀಸ್ ಲರ್ನಿಂಗ್ ಶುರು ಮಾಡಿದ್ದು ಶಾಲೆಯ ಹಿಂದಿನ ರಸ್ತೆಯ ಅಂಗನವಾಡಿಯಲ್ಲಿ. ಯೋಜನೆ ತುಂಬ ಸರಳ. ಆರು ಮತ್ತು ಏಳನೇ ಕ್ಲಾಸಿನ ನನ್ನ ಮಕ್ಕಳು ಶನಿವಾರ ಬೆಳಿಗ್ಗೆ ಅಲ್ಲಿಗೆ ಹೋಗಿ, ಮೂರರಿಂದ ಆರು ವರ್ಷದ ಮಕ್ಕಳಿಗೆ ಕಥೆ ಪುಸ್ತಕ ಓದಿ ಹೇಳಬೇಕು. ಕಥೆ ಹೇಳುವುದು ಅಷ್ಟೇ ಅಲ್ಲ, ಪುಸ್ತಕ ಹಿಡಿದು ಓದಬೇಕು. ಓದಲು ಬಾರದ ಮಕ್ಕಳನ್ನೇ ಓದುವ ಕೆಲಸಕ್ಕೆ ಕಳಿಸುತ್ತೀರಾ ಅಂತ ಸ್ಟಾಫ್ ರೂಮಿನಲ್ಲಿ ನಗು ಎದ್ದಿತು. ಹೌದು, ಅದಕ್ಕೇ ಕಳಿಸುವುದು.

ಕನ್ನಡ ಓದುವುದು ಸುಲಭ, ಬರೆದ ಹಾಗೇ ಓದುತ್ತೇವೆ ಅಂತ ನಾವೆಲ್ಲ ಹೆಮ್ಮೆಪಡುತ್ತೇವೆ. ಓದಲು ಬಂದವರಿಗೆ ಸುಲಭ, ಅಷ್ಟೇ. ಕಾಗುಣಿತ ಸೇರಿಸಿದರೆ ಮಗು ಗುರುತಿಸಬೇಕಾದ ರೂಪಗಳು ನಾನೂರು ದಾಟುತ್ತವೆ. ಅದರ ಮೇಲೆ ಒತ್ತಕ್ಷರ. ತೊಂದರೆ ಇಲ್ಲದ ಮಕ್ಕಳಿಗೂ ಇವೆಲ್ಲ ಗಟ್ಟಿಯಾಗಲು ನಾಲ್ಕನೇ ಕ್ಲಾಸಿನವರೆಗೆ ಸಮಯ ಬೇಕು. ಇನ್ನು ಡಿಸ್ಲೆಕ್ಸಿಯಾ ಇರುವ ಮಗುವಿಗೆ 'ಪ' ಮತ್ತು 'ಷ' ಬೇರೆ ಅನ್ನುವುದೇ ಒಂದು ದಿನ ಕಾಣುತ್ತದೆ, ಇನ್ನೊಂದು ದಿನ ಕಾಣುವುದಿಲ್ಲ. ಅರ್ಕಾವತ್ತಂತೂ ದೊಡ್ಡ ಮೋಸ. 'ಸೂರ್ಯ' ಅಂತ ಬರೆದಾಗ 'ರ'ಕಾರದ ಗುರುತು ಕಾಣುವುದು 'ಯ' ಆದಮೇಲೆ, ಓದಬೇಕಾದ್ದು ಮೊದಲು. ಕಣ್ಣು ಮುಂದೆ ಹೋಗಿ ನಾಲಿಗೆ ಹಿಂದೆ ಬರಬೇಕು. ಏಳನೇ ಕ್ಲಾಸಿನ ಒಬ್ಬ ಹುಡುಗ ಪ್ರತಿ ಸಲ 'ಸೂಯ' ಅಂತ ಓದಿ ನಿಂತು, ನನ್ನ ಮುಖ ನೋಡುತ್ತಿದ್ದ.

ಅವನ ಓದಿನ ಮಟ್ಟ ಎರಡನೇ ಕ್ಲಾಸಿನದು. ಅಂದರೆ ಅವನಿಗೆ ಅಭ್ಯಾಸಕ್ಕೆ ಕೊಡಬೇಕಾದ ಪುಸ್ತಕವೂ ಎರಡನೇ ಕ್ಲಾಸಿನದೇ. ಮೀಸೆ ಚಿಗುರುತ್ತಿರುವ ಹುಡುಗನ ಮುಂದೆ, ಮೊಲ ಕ್ಯಾರೆಟ್ ತಿಂತು ಅನ್ನುವ ಪುಸ್ತಕ ಇಟ್ಟು ನೋಡಿ. "ಇದು ಚಿಕ್ಕ ಮಕ್ಕಳದು ಮಿಸ್" ಅಂತ ಅತ್ತ ತಳ್ಳುತ್ತಾನೆ. ಅವನದು ತಪ್ಪೇನಿಲ್ಲ. ನಮ್ಮ ಕೆಲಸದ ಅತಿ ಕಷ್ಟದ ಜಾಗ ಇದು. ಅವನಿಗೆ ಬೇಕಾದ ಪುಸ್ತಕ ಅವನಿಗೆ ಅವಮಾನ. ಅವನ ವಯಸ್ಸಿಗೆ ತಕ್ಕ ಪುಸ್ತಕ ಅವನ ಕೈಗೆ ಎಟುಕುವುದಿಲ್ಲ.

ಅಂಗನವಾಡಿ ಈ ಗಂಟನ್ನು ಒಂದೇ ಏಟಿಗೆ ಬಿಡಿಸಿತು. ಇದು ಚಿಕ್ಕ ಮಕ್ಕಳದು ಮಿಸ್. ಹೌದಪ್ಪ, ಚಿಕ್ಕ ಮಕ್ಕಳಿಗೇ ಓದಬೇಕು ನೀನು, ಶನಿವಾರದೊಳಗೆ ತಯಾರಾಗು. ಅಲ್ಲಿಗೆ ನಾಚಿಕೆ ಮುಗಿಯಿತು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳು ಓದಿನ ಮಟ್ಟಕ್ಕೆ ತಕ್ಕ ಹಾಗೆ ಒಂದರಿಂದ ನಾಲ್ಕರವರೆಗೆ ವಿಂಗಡಿಸಿ ಇಟ್ಟಿವೆ, ಬಿಟ್ಟಿಯಾಗಿ ಸಿಗುತ್ತವೆ. ಅವನು ಒಂದನೇ ಹಂತದ ಪುಸ್ತಕವನ್ನು ಬುಧವಾರ ಆರಿಸಿಕೊಳ್ಳುತ್ತಿದ್ದ. ಗುರುವಾರ ನನ್ನ ಜೊತೆ ಓದುತ್ತಿದ್ದ. ಕಷ್ಟದ ಪದಗಳನ್ನು ಮರಳಿನ ತಟ್ಟೆಯಲ್ಲಿ ಬೆರಳಿಂದ ಬರೆಯುತ್ತಿದ್ದ. (ಇದನ್ನು ಈಗ ಬಹು ಇಂದ್ರಿಯ ವಿಧಾನ ಅಂತ ಟ್ರೈನಿಂಗಿನಲ್ಲಿ ಹೇಳಿಕೊಡುತ್ತಾರೆ. ಹಳೇ ಕಾಲದ ನಮ್ಮ ಊರ ಶಾಲೆಗಳಾದ ಕೂಲಿಮಠಗಳಲ್ಲಿ ಮರಳಿನ ಮೇಲೇ ಅಕ್ಷರ ತಿದ್ದಿಸುತ್ತಿದ್ದರು. ಇರಲಿ.) ಶುಕ್ರವಾರ ಒಬ್ಬನೇ ಗೋಡೆಗೆ ಮುಖ ಮಾಡಿ ಗಟ್ಟಿಯಾಗಿ ಓದುತ್ತಿದ್ದ. ಯಾರೂ ಹೇಳದೆ.

ಶನಿವಾರ ಅಲ್ಲಿ ಇನ್ನೊಂದು ತಮಾಷೆ ನಡೆಯುತ್ತಿತ್ತು. ನಾಲ್ಕು ವರ್ಷದ ಮಕ್ಕಳಿಗೆ ಒಂದು ಕಥೆ ಇಷ್ಟವಾದರೆ ಮುಗಿಯಿತು. "ಇನ್ನೊಂದ್ಸಲ ಅಣ್ಣಾ!" ಮತ್ತೆ ಓದು. ಮತ್ತೆ ಇನ್ನೊಂದ್ಸಲ. ಒಂದೇ ಪಾಠವನ್ನು ಪದೇ ಪದೇ ಗಟ್ಟಿಯಾಗಿ ಓದುವುದು ಓದಿನ ವೇಗ ಹೆಚ್ಚಿಸಲು ಒಳ್ಳೆಯ ದಾರಿ ಅಂತ ನಮಗೆಲ್ಲ ಗೊತ್ತು. ಆದರೆ ನಾನು ಹೇಳಿದರೆ ಎರಡನೇ ಸಲಕ್ಕೇ ಮುಖ ಸಿಂಡರಿಸುತ್ತಾರೆ. ಮಡಿಲಿಗೆ ಒರಗಿಕೊಂಡ ಮಗು ಕೇಳಿದರೆ ನಾಲ್ಕನೇ ಸಲವೂ ಓದುತ್ತಾರೆ, ಅದೂ ದನಿ ಬದಲಿಸಿಕೊಂಡು. ತಪ್ಪಿದರೆ ಬಿಡುವವರೂ ಅಲ್ಲ ಆ ಪುಟಾಣಿಗಳು. "ಅಣ್ಣಾ, ಹೋದ್ಸಲ ಅಜ್ಜಿ ಅಂದಿದ್ದೆ!" ಹುಡುಗ ಬಗ್ಗಿ ನೋಡುತ್ತಾನೆ. ಅಜ್ಜಿಯೇ ಇರುತ್ತದೆ. ನಾನು ಕೆಂಪು ಪೆನ್ನಿನಿಂದ ತಿದ್ದಿದಾಗ ಇಳಿಯುವ ಮುಖ ಆಗ ಇಳಿಯುವುದಿಲ್ಲ.

ಇದು ನಾವು ಕಂಡುಹಿಡಿದದ್ದೇನಲ್ಲ. ಫ್ರಾಂಕ್ ರೀಸ್‌ಮನ್ ಅನ್ನುವ ಅಮೆರಿಕದ ಸಮಾಜ ವಿಜ್ಞಾನಿ 1965ರಲ್ಲೇ ಈ ಮಾತನ್ನು ಮುಂದಿಟ್ಟರು: ನೆರವು ಪಡೆದವನಿಗಿಂತ ನೆರವು ಕೊಟ್ಟವನಿಗೇ ಹಲವು ಸಲ ಹೆಚ್ಚು ಲಾಭ. ಅದೇ ಹೊತ್ತಿಗೆ ನ್ಯೂಯಾರ್ಕಿನ ಬಡವರ ಬಡಾವಣೆಯೊಂದರಲ್ಲಿ ಹೈಸ್ಕೂಲ್ ಮಕ್ಕಳಿಂದ ಚಿಕ್ಕ ಕ್ಲಾಸಿನವರಿಗೆ ಓದು ಕಲಿಸಿದರು. ಕಲಿಸಿದವರಲ್ಲೂ ಓದಿನಲ್ಲಿ ಹಿಂದುಳಿದವರಿದ್ದರು. ರಾಬರ್ಟ್ ಕ್ಲೋವರ್ಡ್ ಅದನ್ನು ಅಳೆದು 1967ರಲ್ಲಿ ಪ್ರಕಟಿಸಿದಾಗ, ಕಲಿತವರಿಗಿಂತ ಕಲಿಸಿದವರ ಓದೇ ಜಾಸ್ತಿ ಸುಧಾರಿಸಿತ್ತು. ನಮ್ಮಲ್ಲೂ ಇದರ ಬೇರಿದೆ. 1995ರಲ್ಲಿ ಇಲ್ಲೇ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಚಿಕ್ಕ ಕ್ಲಾಸುಗಳಿಗೆ ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿಯಲ್ಲಿ, ಗೆಳೆಯರೇ ಒಬ್ಬರಿಗೊಬ್ಬರು ನೆರವಾಗುವ ತಟ್ಟೆಗಳಿವೆ, ಅಂದರೆ ಗುಂಪುಗಳು. ಆದರೆ ಅದು ಮೂರನೇ ಕ್ಲಾಸಿಗೆ ಮುಗಿಯುತ್ತದೆ. ಆಮೇಲೆ ಎಲ್ಲರೂ ಬೋರ್ಡಿನ ಕಡೆ ಮುಖ ಮಾಡಿ ಸಾಲಾಗಿ ಕೂರಬೇಕು.

ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ಇದರಿಂದ ಡಿಸ್ಲೆಕ್ಸಿಯಾ ಹೋಗುವುದಿಲ್ಲ. ಆ ಹುಡುಗ ಇವತ್ತಿಗೂ ಸಮಾಜ ವಿಜ್ಞಾನದ ಪಾಠವನ್ನು ಒಬ್ಬನೇ ಓದಿ ಮುಗಿಸಲಾರ. ಅಕ್ಷರ ಮತ್ತು ಧ್ವನಿಯನ್ನು ಹಂತ ಹಂತವಾಗಿ ಜೋಡಿಸುವ ಪಾಠ ವಾರಪೂರ್ತಿ ನಡೆಯಲೇಬೇಕು. ಶನಿವಾರ ಆ ಪಾಠಕ್ಕೊಂದು ಕಾರಣ ಕೊಡುತ್ತದೆ. ಜೊತೆಗೆ ಇನ್ನೊಂದು: ಇಂಥ ಮಕ್ಕಳಲ್ಲೆಲ್ಲ ಒಬ್ಬೊಬ್ಬ ಮಹಾ ಚಿತ್ರಕಾರ, ವಿಜ್ಞಾನಿ ಅಡಗಿದ್ದಾನೆ ಅನ್ನುವ ಕಥೆ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ನನ್ನ ಕೋಣೆಯ ಎಷ್ಟೋ ಮಕ್ಕಳು ಚಿತ್ರವನ್ನೂ ಸಾಧಾರಣವಾಗೇ ಬರೆಯುತ್ತಾರೆ. ಸಾಧಾರಣವಾಗಿರುವ ಹಕ್ಕು ಅವರಿಗೂ ಇರಲಿ. ಶಾಲೆಯಲ್ಲಿ ಬೇಕಾದವರಾಗಲು ಪ್ರತಿಭೆಯ ಲೈಸೆನ್ಸ್ ಯಾಕೆ ತೋರಿಸಬೇಕು?

ತಾಯಂದಿರಿಂದ ಬಂದ ಆಕ್ಷೇಪ ಮಾತ್ರ ಗಟ್ಟಿಯಾಗಿತ್ತು. "ಮಿಸ್, ಮೊದ್ಲೇ ಎಲ್ಲದ್ರಲ್ಲೂ ಹಿಂದೆ ಇದ್ದಾನೆ. ಇದಕ್ಕೆ ಬೇರೆ ಟೈಮ್ ಹಾಳು ಮಾಡ್ಬೇಕಾ? ಆ ಹೊತ್ತಲ್ಲಿ ನಾಲ್ಕು ಲೆಕ್ಕ ಮಾಡಿಸಿ" ಅಂದರು ಒಬ್ಬರು. ಮನೆಗೆಲಸಕ್ಕೆ ಹೋಗಿ ಮಗನ ಫೀಸು ಕಟ್ಟುವ ತಾಯಿ. ಅವರಿಗೆ ರೀಸ್‌ಮನ್ ಹೆಸರು ಹೇಳಿ ಏನು ಪ್ರಯೋಜನ? ಶುಕ್ರವಾರ ಸಂಜೆ ಬಾಗಿಲ ಹತ್ತಿರ ನಿಂತು ಕೇಳಿ ಅಂದೆ. ಬಂದರು. ಒಳಗೆ ಮಗ ಗೋಡೆಗೆ ಓದಿ ಹೇಳುತ್ತಿದ್ದ. ಮನೆಯಲ್ಲಿ ಪುಸ್ತಕ ತೆಗೆ ಅಂದರೆ ಜಗಳ ಆಗುತ್ತೆ, ಇಲ್ಲಿ ಹೀಗೆ ಓದ್ತಾನಾ ಅಂದರು. ಆಮೇಲೂ "ಲೆಕ್ಕ ಬಿಡ್ಬೇಡಿ" ಅಂತ ಹೇಳಿಯೇ ಹೋದರು. ಸರಿಯಾದ ಮಾತೇ. ಆದರೆ ನಾವು ಈಗಾಗಲೇ ಇಂಥ ಮಕ್ಕಳ ಆಟದ ಪೀರಿಯಡ್, ಡ್ರಾಯಿಂಗ್ ಪೀರಿಯಡ್ ಕಿತ್ತುಕೊಂಡು ಅಲ್ಲಿ ವಿಶೇಷ ಪಾಠ ತುಂಬಿರುತ್ತೇವೆ. ದಿನದಲ್ಲಿ ಅವರು ಖುಷಿಯಾಗಿರುವ ಒಂದೇ ಒಂದು ಗಂಟೆಯನ್ನೂ ಕಷ್ಟದ ವಿಷಯಕ್ಕೇ ಕೊಟ್ಟಿರುತ್ತೇವೆ.

ಲೆಕ್ಕ ಎಂದಾಗ ನೆನಪಾಯಿತು. ಗುಂಪಿನಲ್ಲಿ ಒಬ್ಬಳಿಗೆ ಓದು ಪರವಾಗಿಲ್ಲ, ಸಂಖ್ಯೆ ಅಂದರೆ ಕತ್ತಲೆ. ಅಂಗನವಾಡಿಗೆ ಕಾರ್ಡ್ ಮಾಡಲು ರಟ್ಟು, ಬಣ್ಣದ ಕಾಗದ ಕೊಳ್ಳುವ ದುಡ್ಡನ್ನು ಅವಳ ಕೈಗೇ ಕೊಟ್ಟೆವು, ಜೊತೆಗೆ ಕ್ಯಾಲ್ಕುಲೇಟರನ್ನೂ. ಅಂಗಡಿಯಲ್ಲಿ ಎಷ್ಟು ಹೊತ್ತಾದರೂ ಯಾರೂ ಅವಸರ ಮಾಡಬಾರದು ಅನ್ನುವುದು ಒಂದೇ ನಿಯಮ. ಅವಳ ಮನೆಮಾತು ಉರ್ದು. ಅಂಗನವಾಡಿಯಲ್ಲಿ ಕೆಲವು ಮಕ್ಕಳು ಕನ್ನಡ ಅರ್ಥವಾಗದೆ ಮೂಲೆಯಲ್ಲಿ ಕೂತಿರುತ್ತಿದ್ದವು. ಇವಳು ಒಂದು ಸಾಲು ಕನ್ನಡದಲ್ಲಿ ಓದಿ, ಅದನ್ನೇ ಉರ್ದುವಿನಲ್ಲಿ ಹೇಳತೊಡಗಿದಳು. ಇದನ್ನು ಯಾರೂ ಯೋಜನೆಯಲ್ಲಿ ಬರೆದಿರಲಿಲ್ಲ. ಬೆಲ್ ಹೊಡೆಯುವ ಕೆಲಸಕ್ಕೂ ಇದಕ್ಕೂ ಇರುವ ವ್ಯತ್ಯಾಸ ನನಗೆ ಕಂಡದ್ದು ಅಲ್ಲಿ. ಏನು ಮಾಡಬೇಕು ಅನ್ನುವುದನ್ನು ಮಗುವೇ ನೋಡಿ ತೀರ್ಮಾನ ಮಾಡಿತು. ಮಾಡಿದ ಕೆಲಸ ಮತ್ತೆ ಪಾಠಕ್ಕೇ ಬಂದು ಸೇರಿತು.

ನಮ್ಮ ದೇಶಕ್ಕೆ ಈ ಯೋಚನೆ ಹೊಸದಲ್ಲ. ಕೈಕೆಲಸದ ಮೂಲಕವೇ ಕಲಿಕೆ ಅಂತ ಗಾಂಧೀಜಿ 1937ರ ವಾರ್ಧಾ ಸಮ್ಮೇಳನದಲ್ಲಿ ಹೇಳಿದ್ದರು. 1969ರಲ್ಲಿ ಕಾಲೇಜು ವಿದ್ಯಾರ್ಥಿಗಳ ಸೇವಾ ಯೋಜನೆಯಾದ ಎನ್‌ಎಸ್‌ಎಸ್ ಬಂತು, ಎರಡು ವರ್ಷಕ್ಕೆ 240 ಗಂಟೆ ಸೇವೆ. ಐಸಿಎಸ್‌ಇ ಶಾಲೆಗಳಲ್ಲಿ ಸಮಾಜಕ್ಕೆ ಉಪಯೋಗವಾಗುವ ಕೆಲಸ ಮಾಡಿಸುವ ಎಸ್‌ಯುಪಿಡಬ್ಲ್ಯು ಇದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 75 ಗಂಟೆ ಇಂಥ ಕೆಲಸ ಮಾಡದೆ ಹೈಸ್ಕೂಲ್ ಪಾಸಾಗುವ ಹಾಗಿಲ್ಲ. ಗಂಟೆ ಎಣಿಸುವುದರಲ್ಲಿ ಎಲ್ಲರೂ ಜಾಣರೇ. ನಮ್ಮಲ್ಲಿ ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಳ್ಳುವುದರಲ್ಲಿ ಇನ್ನೂ ಜಾಣರು.

ಆದರೆ ನನಗೆ ನಿಜವಾಗಿ ಸಿಟ್ಟು ಬರುವುದು ಫೈಲ್ ವಿಷಯಕ್ಕೆ. ಕೆಲಸ ಮುಗಿದ ಮೇಲೆ ಅದರ ಬಗ್ಗೆ ಯೋಚಿಸಬೇಕು, ಇಲ್ಲದಿದ್ದರೆ ಅದು ಬರೀ ಶ್ರಮದಾನ. ಇದು ಸರ್ವೀಸ್ ಲರ್ನಿಂಗ್‌ನ ಜೀವಾಳ, ಒಪ್ಪುತ್ತೇನೆ. ಯೋಚಿಸಿದ್ದನ್ನು ಎಲ್ಲಿ ತೋರಿಸಬೇಕು? ಬರೆದು ತೋರಿಸಬೇಕು. ಡೈರಿ, ವರದಿ, ಅನುಭವ ಲೇಖನ, ಮೇಲೊಂದು ಬಣ್ಣದ ಹೊದಿಕೆ. ಅಲ್ಲಿಗೆ ಆಟ ಮತ್ತೆ ಹಳೇ ಅಂಗಳಕ್ಕೇ ಬಂತು. ಬಿಸಿಲಲ್ಲಿ ನಿಂತು ಕೆಲಸ ಮಾಡಿದ ಹುಡುಗ ಅರ್ಧ ಪುಟ ಬರೆಯಲಾರದೆ ಸಿ ಗ್ರೇಡ್ ತೆಗೆದುಕೊಳ್ಳುತ್ತಾನೆ. ನೆರಳಲ್ಲಿ ನಿಂತಿದ್ದವನು ಚಂದದ ಅಕ್ಷರದಲ್ಲಿ ಎ ಪ್ಲಸ್ ಪಡೆಯುತ್ತಾನೆ. ಇನ್ನು ಕೆಲವರ ಫೈಲನ್ನು ಅಮ್ಮಂದಿರೇ ರಾತ್ರಿ ಕೂತು ಬರೆದುಕೊಡುತ್ತಾರೆ. ಅದು ಎಲ್ಲ ಶಾಲೆಗೂ ಗೊತ್ತಿರುವ ಗುಟ್ಟು.

ನಾವು ಬರೆಸುವುದನ್ನು ನಿಲ್ಲಿಸಿದೆವು. ಅಂಗನವಾಡಿಯಿಂದ ವಾಪಸ್ ಬಂದು ನೆಲದ ಮೇಲೆ ಕೂತು ಮಾತಾಡುತ್ತೇವೆ. ಕೇಳುವ ಪ್ರಶ್ನೆ ಮೂರೇ. ಏನಾಯ್ತು? ಯಾಕೆ ಹಾಗಾಯ್ತು? ಮುಂದಿನ ವಾರ ಏನು ಬೇರೆ ಮಾಡ್ತೀಯಾ? ಫೋನಿನಲ್ಲಿ ರೆಕಾರ್ಡ್ ಮಾಡಿಡುತ್ತೇವೆ. ಬರಹದಲ್ಲೇ ಬೇಕು ಅಂತ ಮೇಲಿನವರು ಕೇಳಿದರೆ, ಫೋನಿನ ಕೀಬೋರ್ಡಿಗೆ ಕನ್ನಡದಲ್ಲಿ ಹೇಳಿದರೆ ಅದೇ ಟೈಪ್ ಮಾಡುತ್ತದೆ. ಕೆಲವು ಸಲ ಏನೇನೋ ಕೇಳಿಸಿಕೊಳ್ಳುತ್ತದೆ. ಅದನ್ನು ತಿದ್ದುವಾಗ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ಜೊತೆಗೆ ಓದಿಯೂ ಓದುತ್ತಾರೆ. ಎರಡು ಸಾಲೂ ಬರೆಯದ ಒಬ್ಬ ಹುಡುಗ ಮೊದಲ ತಿಂಗಳಲ್ಲೇ ಹೀಗಂದ: "ಬಾಗಿಲ ಹತ್ರ ಕೂತ್ರೆ ಮಕ್ಕಳು ರಸ್ತೆ ನೋಡ್ತಾವೆ ಮಿಸ್. ನಾವು ಬಾಗಿಲಿಗೆ ಬೆನ್ನು ಹಾಕಿ ಕೂತ್ರೆ, ಅವು ರಸ್ತೆನೇ ನೋಡೋದು. ಅವುಗಳ ಬೆನ್ನು ಬಾಗಿಲಿಗೆ ಬರ್ಬೇಕು." ಗಮನ ಕೊಡಲ್ಲ ಅಂತ ಎಲ್ಲ ಟೀಚರ್‌ಗಳೂ ದೂರು ಹೇಳುವ ಹುಡುಗ ಇವನು. ಗಮನ ತಪ್ಪುವುದು ಹೇಗೆ ಅನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಂಗನವಾಡಿಗೆ ಹೋಗಲು ಇಷ್ಟವಿಲ್ಲದ ಒಂದಿಬ್ಬರು ಮರ ನೋಡುತ್ತಾರೆ. ಸೀಸನ್‌ವಾಚ್ ಅಂತ ದೇಶದಾದ್ಯಂತ ನಡೆಯುವ ಒಂದು ಕಾರ್ಯಕ್ರಮ ಇದೆ. ಒಂದು ಮರವನ್ನು ನಮ್ಮದು ಅಂತ ನೋಂದಾಯಿಸಿ, ವಾರಕ್ಕೊಮ್ಮೆ ಚಿಗುರು, ಹೂವು, ಕಾಯಿ ಎಷ್ಟಿದೆ ಅಂತ ಗುರುತು ಹಾಕುವುದು. ಇಲ್ಲ, ಸ್ವಲ್ಪ, ಜಾಸ್ತಿ, ಇಷ್ಟೇ ಉತ್ತರ. ಕೇರಳದ ಶಾಲೆಗಳ ಮಕ್ಕಳು ಇದನ್ನು ಭರ್ಜರಿಯಾಗಿ ಮಾಡಿದ್ದಾರೆ. ಹವಾಮಾನ ಬದಲಾದಂತೆ ಮರಗಳು ಹೇಗೆ ಬದಲಾಗುತ್ತಿವೆ ಅಂತ ತಿಳಿಯಲು ಈ ಮಾಹಿತಿ ವಿಜ್ಞಾನಿಗಳಿಗೆ ಬೇಕು. ನಮ್ಮವರು ಕುಕ್ಕರಹಳ್ಳಿ ಕೆರೆ ಏರಿಯ ಹತ್ತಿರದ ಒಂದು ಹೊಂಗೆ ಮರ ಆರಿಸಿಕೊಂಡಿದ್ದಾರೆ. ಬರಹ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ವಾರ ತಪ್ಪಿಸದೆ ಹೋಗುವುದೇ ದೊಡ್ಡ ಪಾಠ, ಗಮನದ ತೊಂದರೆ ಇರುವ ಮಕ್ಕಳಿಗೆ ಅದೇ ಕಷ್ಟ ಕೂಡ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಸೇವೆ ಪಡೆಯುವವರ ಕಡೆಯ ಮಾತೂ ಹೇಳಬೇಕು. ಅಂಗನವಾಡಿ ಟೀಚರ್ ಮೊದಲ ದಿನವೇ ನೇರವಾಗಿ ಕೇಳಿದರು: "ನಿಮ್ ಮಕ್ಳು ಓದು ಕಲಿಯಕ್ಕೆ ನಮ್ ಮಕ್ಳು ಬೇಕಾ ಮೇಡಂ?" ಸರಿಯಾದ ಪ್ರಶ್ನೆ. ಅಲ್ಲಿನ ಮಕ್ಕಳು ನಮ್ಮ ಪ್ರಯೋಗಕ್ಕೆ ಇರುವವರಲ್ಲ. ಹಾಗಾಗಿ ಷರತ್ತುಗಳನ್ನು ಅವರೇ ಹಾಕಿದರು. ತೂಕ ನೋಡುವ ದಿನ, ಲಸಿಕೆ ದಿನ ಬರಬಾರದು. ಹತ್ತು ನಿಮಿಷಕ್ಕಿಂತ ಉದ್ದದ ಕಥೆ ಬೇಡ. ದೆವ್ವದ ಕಥೆ ಬೇಡ. ಮೊಟ್ಟೆ ಕೊಡುವ ಹೊತ್ತಿಗೆ ಎಲ್ಲರೂ ಕೈ ತೊಳೆಸಲು ಸೇರಬೇಕು. ತಯಾರಾಗದೆ ಬಂದವರನ್ನು ಅವರು ವಾಪಸ್ ಕಳಿಸಿದ್ದೂ ಇದೆ. "ಪಾಪ, ಇವರಿಗೆ ತೊಂದರೆ ಇದೆ" ಅಂತ ಅವರು ರಿಯಾಯಿತಿ ತೋರಿಸಲಿಲ್ಲ. ನನ್ನ ಮಕ್ಕಳಿಗೆ ಅದರಷ್ಟು ಇಷ್ಟವಾದದ್ದು ಬೇರೊಂದಿಲ್ಲ.

ಈಗಿನ ತಲೆನೋವು ಒಂಬತ್ತನೇ ಕ್ಲಾಸು. ಆ 'ಸೂರ್ಯ'ನ ಹುಡುಗ ಈಗ ಒಂಬತ್ತಕ್ಕೆ ಬಂದಿದ್ದಾನೆ. ನಮ್ಮ ಶಾಲೆಯಲ್ಲಿ ಒಂಬತ್ತರಿಂದಲೇ ಶನಿವಾರ ಸ್ಪೆಷಲ್ ಕ್ಲಾಸ್, ಎಸ್‌ಎಸ್‌ಎಲ್‌ಸಿ ತಯಾರಿ. ಎಚ್‌ಎಂ ಹತ್ತಿರ ಹೋಗಿ ಮಾತಾಡಿದೆ. ಅವರು ಕೆಟ್ಟವರಲ್ಲ, ರಿಸಲ್ಟ್ ಕಡಿಮೆ ಬಂದರೆ ಮೇಲಿನವರ ಮಾತು ಕೇಳಬೇಕಾದವರು ಅವರೇ. ಬಹಳ ಚೌಕಾಶಿಯ ನಂತರ ತಿಂಗಳಿಗೊಂದು ಶನಿವಾರ ಬಿಟ್ಟುಕೊಟ್ಟಿದ್ದಾರೆ, ಅದೂ ಡಿಸೆಂಬರ್‌ವರೆಗೆ ಮಾತ್ರ. ಸದ್ಯಕ್ಕೆ ಒಪ್ಪಿಕೊಂಡಿದ್ದೇನೆ. ಹುಡುಗ ಮಾತ್ರ ಒಪ್ಪಿಲ್ಲ. ತಿಂಗಳಿಗೊಂದು ಸಲ ಹೋದರೆ ಮಕ್ಕಳು ಮರೆತುಬಿಡುತ್ತವೆ, ಬುಧವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೋಗಿ ಬರಬಹುದಾ ಅಂತ ಕೇಳಿದ್ದಾನೆ. ಆ ಹೊತ್ತಿಗೆ ಅಂಗನವಾಡಿಯಲ್ಲಿ ಮಕ್ಕಳು ಮಲಗಿರುತ್ತವೆ. ಟೀಚರ್ ಒಪ್ಪುತ್ತಾರಾ ಅಂತ ನಾಳೆ ಅವನೇ ಹೋಗಿ ಕೇಳುತ್ತಾನಂತೆ.